ಓಲಾನ್ ಆಗಬೇಕಿದ್ದವರು

ಚೀನೀ ಮೂಲದ ಹಾಲಿವುಡ್ ನಟಿ ಅನ್ನಾ ಮೇ ವಾಂಗ್ ಅವರ ಮುಖ 2022ರಲ್ಲಿ ಅಮೆರಿಕದ 25 ಸೆಂಟಿನ ನಾಣ್ಯದ ಮೇಲೆ ಬಂತು. ಸಂತೋಷ. ಆದರೆ ಅಷ್ಟಕ್ಕೇ ಹಾಲಿವುಡ್‌ನ ಬಾಕಿ ಚುಕ್ತಾ ಆಯಿತೆಂದು ನಾನು ಒಪ್ಪಲಾರೆ.

1905ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವರು. ಅಪ್ಪನದು ಬಟ್ಟೆ ಒಗೆಯುವ ಅಂಗಡಿ. ಹದಿನೇಳನೇ ವಯಸ್ಸಿಗೇ 'ದಿ ಟೋಲ್ ಆಫ್ ದಿ ಸೀ' ಎಂಬ ಬಣ್ಣದ ಮೂಕಿಚಿತ್ರದ ನಾಯಕಿ. ಹೆತ್ತ ಮಗುವನ್ನು ಬಿಟ್ಟುಕೊಡುವ ತಾಯಿಯಾಗಿ ಅವರು ಅಭಿನಯಿಸಿದ್ದನ್ನು ನೋಡಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಆಮೇಲೆ ಸಿಕ್ಕಿದ್ದು ಹೆಚ್ಚಾಗಿ ದಾಸಿಯರ, ಸಂಚುಗಾರ್ತಿಯರ ಪಾತ್ರಗಳು. ಬೇಸತ್ತು 1928ರಲ್ಲಿ ಯುರೋಪಿಗೆ ಹೋದರು. ಲಂಡನ್ನಿನಲ್ಲಿ ತಯಾರಾದ 'ಪಿಕಾಡಿಲಿ'ಯಲ್ಲಿ ಪಾತ್ರೆ ತೊಳೆಯುವ ಹುಡುಗಿಯಾಗಿ ಬಂದು ಇಡೀ ಚಿತ್ರವನ್ನೇ ತನ್ನದಾಗಿಸಿಕೊಳ್ಳುತ್ತಾರೆ.

ನನಗೆ ಸಹಿಸಲಾಗದ್ದು 'ದಿ ಗುಡ್ ಅರ್ತ್' ಚಿತ್ರದ ಪ್ರಕರಣ. ಚೀನೀ ರೈತ ಕುಟುಂಬದ ಆ ಕಥೆಯಲ್ಲಿ ರೈತನ ಹೆಂಡತಿ ಓಲಾನ್ ಪಾತ್ರ ಮಾಡಬೇಕೆಂಬುದು ಅವರ ದೊಡ್ಡ ಆಸೆ. ಗಂಡನ ಪಾತ್ರ ಬಿಳಿಯ ನಟ ಪಾಲ್ ಮುನಿಗೆ ಹೋಯಿತು. ಬೇರೆ ವರ್ಣದವರ ನಡುವಿನ ದಾಂಪತ್ಯ, ಪ್ರಣಯವನ್ನು ಹಾಲಿವುಡ್ ಚಿತ್ರಗಳಿಗಿದ್ದ ಅಂದಿನ ನಿರ್ಮಾಣ ಸಂಹಿತೆ ತೆರೆಯ ಮೇಲೆ ಬಿಡುತ್ತಿರಲಿಲ್ಲ. ಹಾಗಾಗಿ ಓಲಾನ್ ಆದದ್ದು ಬಿಳಿಯ ನಟಿ ಲೂಯಿಸ್ ರೈನರ್. ಆಸ್ಕರ್ ಕೂಡ ಅವರಿಗೇ ಬಂತು. ವಾಂಗ್ ಅವರಿಗೆ ಉಳಿದಿದ್ದು ಮನೆಮುರುಕಿ ಎರಡನೇ ಹೆಂಡತಿಯ ಪಾತ್ರ. ಅವರು ಬೇಡವೆಂದರು. 1936ರಲ್ಲಿ ಚೀನಾಕ್ಕೆ ಹೊರಟರು.

ಅವರನ್ನು ಬರೀ ಅನ್ಯಾಯಕ್ಕೊಳಗಾದ ಹೆಣ್ಣೆಂದು ನೆನೆದರೆ ಸಾಲದು. ನಮ್ಮ ಚಿತ್ರಸಮಾಜಗಳು ಚಾಪ್ಲಿನ್ ಪಕ್ಕದಲ್ಲಿ 'ಪಿಕಾಡಿಲಿ'ಯನ್ನೂ ತೋರಿಸಲಿ.