ತಟ್ಟೆಗೆ ಮುನ್ನ ನೆಲ

ಗಣರಾಜ್ಯೋತ್ಸವದ ಮತ್ತು ಸ್ವಾತಂತ್ರ್ಯೋತ್ಸವದ ಕಾಲಕ್ಕೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಏರ್ಪಡುವ ಫಲಪುಷ್ಪ ಪ್ರದರ್ಶನವನ್ನು ನೋಡಹೋದ ಗೃಹಸ್ಥನು, ಮೊಳದೆತ್ತರದ ಆಲವೊಂದು ಬಿಳಲುಗಳನ್ನಿಳಿಸಿ ವಯೋವೃದ್ಧನ ಗಾಂಭೀರ್ಯದಿಂದ ತಟ್ಟೆಯಲ್ಲಿ ನಿಂತಿರುವುದನ್ನು ಕಂಡು ವಿಸ್ಮಿತನಾಗಿ, ಕೆಲವು ದಿನಗಳಲ್ಲಿಯೇ ಯಾವುದೋ ನರ್ಸರಿಗೆ ಹೋಗಿ, ಹೊಳಪಿನ ಪಿಂಗಾಣಿ ತಟ್ಟೆಯಲ್ಲಿ ನೆಟ್ಟ ಎಳೆಯ ಸಸಿಯೊಂದನ್ನು ಬೋನ್ಸಾಯ್ ಎಂಬ ಹೆಸರಿನಲ್ಲಿ ಕೊಂಡುತಂದು ನಡುಮನೆಯ ಮೇಜಿನ ಮೇಲೆ ಪ್ರತಿಷ್ಠಾಪಿಸುವನು. ಬಿಸಿಲು ಕಾಣದ ಆ ಸಸಿ ಒಂದೋ ಎಲೆಯುದುರಿಸಿ ಒಣಗುವುದು, ಇಲ್ಲವೆ ವರ್ಷಗಳುರುಳಿದರೂ ಪೆನ್ಸಿಲಿನ ಗಾತ್ರವನ್ನು ಮೀರದೆ ನಿಲ್ಲುವುದು. ಈ ಕಲೆ ತನಗೆ ಒಲಿಯುವಂಥದಲ್ಲವೆಂದು ಅವನು ಕೈಚೆಲ್ಲುವನು. ಅವನ ಕೈಗುಣವನ್ನು ಹಳಿಯುವುದು ನ್ಯಾಯವಲ್ಲ. ಮರವನ್ನು ಉಪವಾಸ ಕೆಡವಿ ಕುಬ್ಜಗೊಳಿಸುವುದೇ ಬೋನ್ಸಾಯ್ ಎಂಬ ಭ್ರಾಂತಿ ನಮ್ಮಲ್ಲಿ ಮಾರುವವನಿಗೂ ಇದೆ, ಕೊಳ್ಳುವವನಿಗೂ ಇದೆ.

ನನ್ನ ಮತದಲ್ಲಿ ಇದು ಮೊದಲು ಬೆಳೆಸುವ ವಿದ್ಯೆ. ಕಿರಿದುಗೊಳಿಸುವ ಮಾತು ಬಹಳ ತಡವಾಗಿ ಬರತಕ್ಕದ್ದು. ಕಾಂಡಕ್ಕೆ ಪುಷ್ಟಿ ದೊರೆಯುವುದು ಎಲೆಗಳು ಬಿಸಿಲಿನಲ್ಲಿ ಸಿದ್ಧಪಡಿಸಿ ಕೆಳಗಿಳಿಸುವ ಆಹಾರದಿಂದ. ಎಲೆ ಸಮೃದ್ಧವಾಗಬೇಕಾದರೆ ಬೇರಿಗೆ ವಿಸ್ತಾರವಾದ ಎಡೆ ಬೇಕು. ಎರಡಂಗುಲ ಆಳದ ತಟ್ಟೆಯಲ್ಲಿ ಬಂದಿಯಾದ ಬೇರು ಕೊಂಬೆಗಳನ್ನು ಹಿಡಿದುನಿಲ್ಲಿಸುವುದು, ಕೊಂಬೆ ನಿಂತಲ್ಲಿ ಕಾಂಡವೂ ನಿಲ್ಲುವುದು.

ಜಪಾನೀಯರಿಗೆ ಇದು ತಿಳಿಯದ ಸಂಗತಿಯಲ್ಲ. 1923ರ ಮಹಾಭೂಕಂಪದ ತರುವಾಯ ಟೋಕಿಯೊ ನಗರವನ್ನು ತೊರೆದು, ಒಳ್ಳೆಯ ಮಣ್ಣು ನೀರುಗಳನ್ನರಸಿ ಹೊರಟ ಕುಶಲಿಗಳು 1925ರಲ್ಲಿ ನೆಲೆಗೊಳಿಸಿದ ಓಮಿಯಾದ ಬೋನ್ಸಾಯ್ ಗ್ರಾಮದ ಕೀರ್ತಿ ದೇಶದೇಶಗಳಿಗೆ ಹಬ್ಬಿದೆ. ಆದರೆ ಶಿಕೊಕು ದ್ವೀಪದ ತಕಮತ್ಸು ನಗರಕ್ಕೆ ಸೇರಿದ ಕಿನಾಶಿ, ಕೊಕುಬುಂಜಿ ಎಂಬ ಊರುಗಳ ಹೆಸರನ್ನು ನಮ್ಮಲ್ಲಿ ಕೇಳಿದವರು ವಿರಳ. ಆ ದೇಶದ ಪೈನ್ ಬೋನ್ಸಾಯ್‌ಗಳಲ್ಲಿ ಬಹುಪಾಲು ಹುಟ್ಟಿಬರುವುದು ಅಲ್ಲಿಯ ಹೊಲಗಳಿಂದ. ಸಾಲುಸಾಲಾಗಿ ನೆಲದಲ್ಲಿ ನಿಂತು, ಅನೇಕ ವರ್ಷ ಯಥೇಚ್ಛವಾಗಿ ಬೆಳೆದು, ಬುಡ ಬಲಿತ ಮೇಲೆಯೇ ಆ ಮರಗಳಿಗೆ ಕುಂಡದ ಯೋಗ.

ನಮ್ಮ ಹಿತ್ತಿಲಿನಲ್ಲಿಯೂ ಇದನ್ನು ಮಾಡಬಹುದು. ಹಿತ್ತಿಲಿಲ್ಲದವರಿಗೆ ತಾರಸಿಯ ಮೇಲಿನ ದೊಡ್ಡ ತೊಟ್ಟಿಯಾದರೂ ಸರಿಯೆ. ಹುಣಸೆಯ ಬೀಜ ಮೊಳೆತು ಸಸಿ ಚೇತರಿಸಿಕೊಂಡೊಡನೆ, ಅದರ ತಾಯಿಬೇರನ್ನು ಮೊಟಕುಗೊಳಿಸಿ, ಉಳಿದ ಬೇರುಗಳನ್ನು ಸುತ್ತಲೂ ಹರಡಿ, ಮಂಗಳೂರು ಹೆಂಚಿನ ಚೂರೊಂದರ ಮೇಲೆ ಕೂರಿಸಿ ಮಣ್ಣು ಮುಚ್ಚಬೇಕು. ಕೆಳಕ್ಕೆ ದಾರಿಗಾಣದ ಬೇರುಗಳು ಅಡ್ಡಲಾಗಿ ಹೊರಟು, ಹವ್ಯಾಸಿಗಳು ನೆಬಾರಿ ಎಂದು ಕೊಂಡಾಡುವ ಬುಡದ ಹರವಿಗೆ ಅಡಿಪಾಯವಾಗುವುವು. ಕಾಂಡಕ್ಕೆ ಬಾಗು ಕೊಡಬೇಕಾದದ್ದೂ ಈ ಎಳವೆಯಲ್ಲಿಯೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಮಕ್ಕಳ ವಿಷಯದಲ್ಲಿ ಎಷ್ಟು ಸತ್ಯವೋ ನಾನರಿಯೆ, ಗಿಡದ ವಿಷಯದಲ್ಲಿ ಅಕ್ಷರಶಃ ಸತ್ಯ. ಇಷ್ಟಾದ ಮೇಲೆ ಕತ್ತರಿಯನ್ನು ಬಚ್ಚಿಡುವುದೇ ಕಠಿನವಾದ ವ್ರತ. ಬುಡದ ಬಳಿ ಹೊರಟ ಒಂದೆರಡು ಒರಟು ರೆಂಬೆಗಳನ್ನು, ಮುಂದೊಂದು ದಿನ ತೆಗೆದುಹಾಕತಕ್ಕವೆಂದು ಬಲ್ಲವನಾಗಿಯೂ, ಆಳೆತ್ತರಕ್ಕೆ ಬೆಳೆಯಗೊಡಬೇಕು. ಸ್ಯಾಕ್ರಿಫೈಸ್ ಬ್ರ್ಯಾಂಚ್ ಎಂದು ಹೆಸರಾದ ಇವು ತಮಗಿಂತ ಕೆಳಗಿನ ಕಾಂಡವನ್ನು ಸ್ಥೂಲಗೊಳಿಸಿಯೇ ನಿರ್ಗಮಿಸುವುವು. ಅಲ್ಲಿಯವರೆಗೆ ಗಿಡ ವಿಕಾರವಾಗಿ ಕಾಣುವುದು, ನೆರೆಯವರು ನಗುವರು, ನಗಲಿ.

ಬುಡ ಸಾಕಷ್ಟು ಬಲಿತ ಬಳಿಕ, ಮುಂಗಾರಿಗೆ ಮುನ್ನಿನ ಬೆಚ್ಚನೆಯ ದಿನಗಳಲ್ಲಿ, ಕಾಂಡವನ್ನು ತಗ್ಗಿನಲ್ಲಿ ಕಡಿಯುವ ಘಳಿಗೆ ಬರುವುದು. ಆಲವಾದರೆ ಗರಗಸ ಹೊಕ್ಕೊಡನೆ ತೊಗಟೆಯಂಚಿನಿಂದ ಬಿಳಿಯ ಹಾಲು ಉಕ್ಕಿ ಬೆರಳಿಗಂಟುವುದು. ನೀರಿನಿಂದ ಒರೆಸುತ್ತಿದ್ದರೆ ಸ್ವಲ್ಪ ಹೊತ್ತಿಗೆ ನಿಲ್ಲುವುದು. ಗಿಡ ಸುಪುಷ್ಟವಾಗಿದ್ದರೆ ಕೆಲವು ವಾರಗಳೊಳಗೆ ಗಾಯದ ಸುತ್ತ ಚಿಗುರುಗಳು ಕಿಕ್ಕಿರಿಯುವುವು; ಅವುಗಳಲ್ಲೊಂದನ್ನು ಮುಂದಾಳಾಗಿ ಆರಿಸಿ, ಅದು ದಪ್ಪವಾದ ಮೇಲೆ ಅದನ್ನೂ ಕಡಿದು, ಹೀಗೆ ಮತ್ತೆ ಮತ್ತೆ ಮಾಡಿದಾಗ ಬುಡದಲ್ಲಿ ಸ್ಥೂಲವಾಗಿ ತುದಿಗೆ ಸೂಕ್ಷ್ಮವಾಗುವ ಆಕಾರ ಸಿದ್ಧಿಸುವುದು. ಬುಡದ ದಪ್ಪದ ಆರರಷ್ಟು ಎತ್ತರವಿರಬೇಕೆಂಬುದು ಬೋನ್ಸಾಯ್ ಬಲ್ಲವರ ಸ್ಥೂಲ ನಿಯಮ. ಎರಡಂಗುಲ ದಪ್ಪದ ಬುಡಕ್ಕೆ ಒಂದಡಿ ಮರ. ಪೆನ್ಸಿಲ್ ಗಾತ್ರದ ಸಸಿಗೆ ಈ ಲೆಕ್ಕವನ್ನು ಹಚ್ಚಿ ನೋಡಿದರೆ ಉಳಿದದ್ದು ತಾನೇ ತಿಳಿಯುವುದು. ತಂತಿ ಸುತ್ತುವವರಿಗೆ ಒಂದು ಮಾತು: ಮಳೆಗಾಲದಲ್ಲಿ ಆಲದ ರೆಂಬೆ ಕೆಲವೇ ವಾರಗಳಲ್ಲಿ ಉಬ್ಬಿ ಅಲ್ಯೂಮಿನಿಯಂ ತಂತಿಯನ್ನು ತೊಗಟೆಯೊಳಗೆ ನುಂಗುವುದರಿಂದ, ಅದಕ್ಕೆ ಮೊದಲೇ ತುಂಡುತುಂಡಾಗಿ ಕತ್ತರಿಸಿ ತೆಗೆಯಬೇಕು, ಬಿಚ್ಚಹೋದರೆ ರೆಂಬೆ ಮುರಿಯುವುದು.

ಶೀತದೇಶಗಳಿಗಾಗಿ ಬರೆದ ಪುಸ್ತಕಗಳನ್ನು ಓದಿ ಮೇಪಲ್, ಜೂನಿಪರ್‌ಗಳ ಬೀಜಕ್ಕೆ ಹಣ ಸುರಿಯುವವರನ್ನು ಕಂಡರೆ ನನಗೆ ಮರುಕ. ಚಳಿಗಾಲದ ದೀರ್ಘನಿದ್ರೆಯನ್ನು ಬಯಸುವ ಮೇಪಲ್ಲಿಗೆ ನಮ್ಮ ಬಯಲುಸೀಮೆಯ ಬಿಸಿಲು ಹಿಡಿಸದು. ಆಲ, ಹುಣಸೆ, ದಾಳಿಂಬೆ, ಕಾಗದದ ಹೂ ಇವೆಲ್ಲ ಇಲ್ಲಿ ಬಿಸಿಲುಂಡು ಬೆಳೆಯತಕ್ಕವು. ಹಳೆಯ ಕಾಂಪೌಂಡಿನ ಬಿರುಕಿನಲ್ಲಿ ಹುಟ್ಟಿದ ಅರಳಿಯ ಸಸಿಯನ್ನು ಒಡೆಯನನ್ನು ಕೇಳಿ ಕಿತ್ತುತಂದರೆ ಗೋಡೆಗೂ ಕ್ಷೇಮ.

ಇದು ಹಿಂಸೆಯಲ್ಲವೆ ಎಂದು ಕೇಳುವ ಸಹೃದಯರುಂಟು. 1625ರಿಂದ ಕುಂಡದಲ್ಲಿ ಪಾಲಿತವಾದ ಬಿಳಿ ಪೈನ್ ಒಂದು, 1945ರಲ್ಲಿ ಹಿರೋಷಿಮಾದ ಅಣುಬಾಂಬಿಗೂ ಉಳಿದು, 1976ರಲ್ಲಿ ಅಮೆರಿಕಕ್ಕೆ ಕಾಣಿಕೆಯಾಗಿ ಹೋಗಿ, ವಾಷಿಂಗ್ಟನ್ನಿನ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯದ ಸೊತ್ತಾಯಿತು. ಸತತ ಹಿಂಸೆಗೊಳಗಾದ ಜೀವವು ಅಷ್ಟು ದೀರ್ಘಕಾಲ ಬಾಳುವುದು ನಂಬತಕ್ಕ ಮಾತಲ್ಲ. ಹಿಂಸೆಯೆಂಬುದು ಇದ್ದರೆ, ಬೆಳೆಯುವ ವಯಸ್ಸಿನ ಸಸಿಯನ್ನು ತಟ್ಟೆಗೆ ದೂಡಿ ನಡುಮನೆಯ ಕತ್ತಲಲ್ಲಿ ಕೂರಿಸುವುದರಲ್ಲಿದೆ.

ಪ್ರದರ್ಶನಗಳನ್ನು ನಡೆಸುವವರಲ್ಲಿ ನನ್ನದೊಂದು ವಿಜ್ಞಾಪನೆ: ಸಿದ್ಧವಾದ ಮರದ ಪಕ್ಕದಲ್ಲಿಯೇ, ಅದೇ ಜಾತಿಯ, ಇನ್ನೂ ಅಡ್ಡಾದಿಡ್ಡಿಯಾಗಿ ಬೆಳೆಯುತ್ತಿರುವ ಎಳೆಯ ಗಿಡವೊಂದನ್ನೂ, ಅದರ ವಯಸ್ಸನ್ನು ಬರೆದ ಫಲಕದೊಡನೆ ಇಡಿರಿ. ಕೊಳ್ಳುವವರಲ್ಲಿ ಇನ್ನೊಂದು: ತಟ್ಟೆಯ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು ಮಣ್ಣನ್ನು ಬೆರಳಿನಿಂದ ಸರಿಸಿ ಬುಡವನ್ನು ನೋಡಿರಿ, ಗಿಡವು ಎಷ್ಟು ವರ್ಷ ನೆಲದಲ್ಲಿತ್ತೆಂದು ಕೇಳಿರಿ, ಉತ್ತರ ಬಾರದಿದ್ದರೆ ತಟ್ಟೆಯನ್ನು ಅಂಗಡಿಯಲ್ಲಿಯೇ ಬಿಟ್ಟು, ಕಪ್ಪು ಪ್ಲಾಸ್ಟಿಕ್ ಚೀಲದ ಸಾಧಾರಣ ಸಸಿಯೊಂದನ್ನು ತನ್ನಿರಿ.