ಗೊತ್ತಿದ್ದದ್ದ ಹಾಡ್ರಿ ಅನ್ನೂದು ಬಿಡ್ರಿ

ಅಕ್ಕಾರ, ವೈನ್ಯಾರ, ಇವತ್ತ ನಿಮ್ಮ ಜೋಡಿ ಸ್ವಲ್ಪ ಜಗಳಾ ಮಾಡೂದದ. ಸಿಟ್ಟ ಬಂದ್ರ ಚಹಾ ಕುಡದು ಆಮ್ಯಾಲೆ ಬೈರಿ.

ನಮ್ಮ ಹುಡುಗೂರು ಗಿಟಾರ್, ಡ್ರಮ್ಸ್ ತಗೊಂಡು ಬ್ಯಾಂಡ್ ಕಟ್ಟತಾರ. ತಾವ ಬರದ ಹಾಡು ಹಾಡಲಿಕ್ಕೆ ನಿಂತ್ರ ಎರಡನೇ ಹಾಡಿಗೇ ನಾವು ‘ಯಾವುದರೆ ಗೊತ್ತಿದ್ದದ್ದ ಹಾಡ್ರೋ’ ಅಂತ ಒದರತೀವಿ. ಗಣಪತಿ ಮಂಟಪ ಇರಲಿ, ಲಗ್ನದ ಮನಿ ಇರಲಿ, ಇದ ಕಥಿ. ಅಡಿಗಿಯವರಿಗೆ, ಹೂವಿನವರಿಗೆ ರೊಕ್ಕ ಎಣಿಸಿ ಕೊಡತೀವಿ. ಹಾಡಿದವರಿಗೆ ಮಾತ್ರ ‘ನಮ್ಮ ಹುಡುಗೂರ ಅಲ್ಲಾ, ಊಟಾ ಮಾಡಿ ಹೋಗ್ರಿ’.

ಕೇಳಿದ್ರ ‘ಅದು ಪರದೇಶದ ಗದ್ದಲಾ, ನಮ್ಮದೇನದ ಅದರಾಗ’ ಅಂತೀರಿ. ರಾಕ್ ಸಂಗೀತದ ತಾಯಿಬೇರು ಬ್ಲೂಸ್. ಅಮೆರಿಕಾದ ದಕ್ಷಿಣದಾಗ ಹತ್ತಿ ಹೊಲದಾಗ ದುಡದ ಕಪ್ಪು ಮಂದಿ ಕಟ್ಟಿದ ಹಾಡು. 1920ರಾಗ ಮೇಮಿ ಸ್ಮಿತ್ ಅನ್ನೂ ಹೆಣ್ಣುಮಗಳ ರೆಕಾರ್ಡ್ ಭಾಳ ಖರ್ಚಾತು. ಆಮ್ಯಾಲೆನ ಕಂಪನಿಯವರು ಇಂಥಾ ಗಾಯಕಿಯರನ್ನ ಹುಡುಕ್ಕೋತ ಹೊಂಟ್ರು. ಬ್ಲೂಸ್ ಹಾಡಿನ ರೂಢಿ ಕಟ್ಟು ನೋಡ್ರಿ: ಒಂದ ಸಾಲು ಹಾಡೂದು, ಅದನ್ನ ಮತ್ತೊಮ್ಮೆ ಹಾಡೂದು, ಮೂರನೇ ಸಾಲಿನಾಗ ಉತ್ತರಾ ಕೊಡೂದು. ನಮ್ಮ ಅಜ್ಜಿಗೋಳು ಬೀಸೂಕಲ್ಲಿನ ಮುಂದ ಕೂತು ತವರುಮನಿ ನೆನಸಿ, ಅತ್ತಿ ಕಾಟಾ ನೆನಸಿ ಹಾಡಿದ ತ್ರಿಪದಿನೂ ಮೂರ ಸಾಲಿಂದ. ಅವರಿಗೆ ಯಾರರೆ ‘ಗೊತ್ತಿದ್ದದ್ದಷ್ಟ ಹಾಡು’ ಅಂದಿದ್ರ ಆ ಪದಗೋಳು ಹುಟ್ಟತಿದ್ವೇನು?

ಬೆಂಗಳೂರಾಗ ಥರ್ಮಲ್ ಅಂಡ್ ಎ ಕ್ವಾರ್ಟರ್ ಅಂತ ಬ್ಯಾಂಡ್ ಅದ. 1996ರಾಗ ಹುಟ್ಟಿದ್ದು. ರಾಕ್, ಬ್ಲೂಸ್, ಜಾಝ್ ಕೂಡಿಸಿ ಸ್ವಂತ ಹಾಡು ಮಾಡ್ಕೋತ ಬಂದಾರ. ಬ್ರೂಸ್ ಲೀ ಮಣಿ ಗಿಟಾರ್ ಹಿಡದು ಹಾಡತಾರ, ರಾಜೀವ್ ರಾಜಗೋಪಾಲ್ ಡ್ರಮ್ಸ್ ಬಾರಸ್ತಾರ. ಸಂಗೀತ ಕಲಿಸೂ ಶಾಲಿನೂ ತಗದಾರ. ಹೊಸಾ ಹಾಡಿಗೆ ಕಿವಿ ಕೊಡೂ ಮಂದಿ ಇಲ್ಲದ ಯಾವ ಬ್ಯಾಂಡೂ ಇಷ್ಟ ವರ್ಷ ನಿಲ್ಲಂಗಿಲ್ಲ.

‘ಅದು ಬೆಂಗಳೂರವಾ, ನಮ್ಮ ಧಾರವಾಡ ಶಾಸ್ತ್ರೀಯ ಸಂಗೀತದ ಊರು’ ಅಂತೀರೇನು? ಗಂಗೂಬಾಯಿ ಹಾನಗಲ್ಲರು ಸಣ್ಣವರಿದ್ದಾಗ ಓಣ್ಯಾಗ ಹೊಂಟ್ರ ‘ಗಾನೇವಾಲಿ’ ಅಂತ ಚ್ಯಾಷ್ಟಿ ಮಾಡಿದ್ದೂ ಇದ ಊರು. ಈಗ ಅವರ ಹೆಸರ ಹೇಳಿ ಎದಿ ಉಬ್ಬಸ್ತೀವಿ. ದೊಡ್ಡವರಾದಮ್ಯಾಲೆ ಚಪ್ಪಾಳಿ ಹೊಡಿಯೂದು ಯಾರಿಗರೆ ಬರತದ.

ಎಲ್ಲಾ ಹಾಡೂ ಛೊಲೋ ಇರತಾವ ಅಂತ ನಾ ಅನ್ನಂಗಿಲ್ಲ. ಕೆಟ್ಟಿದ್ರ ಕೆಟ್ಟದ ಅನ್ರಿ, ಆದ್ರ ಪೂರಾ ಕೇಳಿ ಅನ್ರಿ. ಸೊಸಿ ಮೊದಲನೇ ಸಲ ಮಾಡಿದ ಹೋಳಗಿ ಹರದ್ರ ಹಂಚು ಕಸಗೋತೀವೇನು?

ಮುಂದಿನ ಗಣಪತಿಗೆ ಇಷ್ಟ ಮಾಡ್ರಿ. ಅವರದ ಮೂರ ಹಾಡು ಕೂತು ಕೇಳ್ರಿ. ಹೋಗೂ ಮುಂದ ಪಾಕೀಟಿನ್ಯಾಗ ರೊಕ್ಕಾ ಹಾಕಿ ಕೈಯಾಗ ಕೊಡ್ರಿ. ಗಿಟಾರ್ ಹಿಡದಾಕಿ ಹುಡುಗಿ ಇದ್ರ, ಅವತ್ತ ಒಂದ ದಿನರೆ ಆಕಿ ಲಗ್ನದ ಮಾತ ತಗೀಬ್ಯಾಡ್ರಿ.