ತೆಂಗಿನ ಸೀಮೆಯಲ್ಲಿ ಉಣ್ಣುವುದೆಲ್ಲಿ, ಕುಡಿಯುವುದೇನು?



ಪ್ರಯಾಣ ಹೊರಡುವ ದಿನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಮನೆಯೊಡತಿ. ಫಜ್ರ್ ನಮಾಝ್ ಮುಗಿಸಿ, ಮಕ್ಕಳಿಗೆ ಬುತ್ತಿ ಕಟ್ಟಿ, ಅತ್ತೆಯ ಮಾತ್ರೆಗಳನ್ನು ಚೀಲಕ್ಕೆ ಹಾಕಿ, ಬಾಗಿಲಿಗೆ ಬೀಗ ಜಡಿದು ಬಸ್ಸು ಹತ್ತುವಾಗ ಅವಳು ಒಂದು ಲೋಟ ನೀರನ್ನೂ ಕುಡಿದಿರುವುದಿಲ್ಲ. ಮರೆತು ಹೀಗಾಗುವುದಲ್ಲ, ಬೇಕೆಂದೇ ಕುಡಿಯುವುದಿಲ್ಲ. ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ ಎಂಬ ಭಯ. ಊಟದ್ದೂ ಇದೇ ಕಥೆ. ಯಾವ ಹೋಟೆಲಿಗೆ ಹೋಗುವುದು, ಅಲ್ಲಿನ ಮಾಂಸ ಹಲಾಲೋ ಅಲ್ಲವೋ, ಬುರ್ಖಾ ತೊಟ್ಟು ಒಳಗೆ ಹೋದರೆ ಜನ ಹೇಗೆ ನೋಡುತ್ತಾರೋ ಎಂದೆಲ್ಲ ಯೋಚಿಸಿ, ಕೊನೆಗೆ ಮಕ್ಕಳ ಕೈಗೆ ಬಿಸ್ಕತ್ತು ಕೊಟ್ಟು ತಾನು ಹಸಿದುಕೊಂಡೇ ಊರು ಸೇರುತ್ತಾಳೆ.

ಇದನ್ನು ಕೆಲವರು ತಾಳ್ಮೆ ಎನ್ನುತ್ತಾರೆ. ಆದರೆ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಗಂಟೆಗಟ್ಟಲೆ ಕೂರುವುದು ಮೂತ್ರನಾಳದ ಸೋಂಕಿಗೆ ದಾರಿ. ಗರ್ಭಿಣಿಯರಿಗೆ, ಮೊಲೆಯುಣಿಸುವ ತಾಯಂದಿರಿಗೆ, ಸಕ್ಕರೆ ಕಾಯಿಲೆಯವರಿಗೆ ಇದು ಇನ್ನೂ ಅಪಾಯ. ಪ್ರಯಾಣಿಕರಿಗೆ ರಮಝಾನಿನ ಉಪವಾಸದಲ್ಲೇ ವಿನಾಯಿತಿ ಕೊಟ್ಟಿರುವ ಧರ್ಮ ನಮ್ಮದು. ಹೀಗಿರುವಾಗ ಸಾಮಾನ್ಯ ದಿನಗಳಲ್ಲಿ ನಾವಾಗಿಯೇ ಹಸಿವು ಬಾಯಾರಿಕೆಗಳನ್ನು ಮೈಮೇಲೆ ಎಳೆದುಕೊಳ್ಳುವುದೇಕೆ?

2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಸರಕಾರಿ ಬಸ್ಸುಗಳಲ್ಲಿ ಹೆಂಗಸರ ಓಡಾಟ ಹೆಚ್ಚಿದೆ. ತವರಿಗೆ, ಆಸ್ಪತ್ರೆಗೆ, ಮಗಳ ಕಾಲೇಜಿಗೆ, ಬಂಧುಗಳ ನಿಕಾಹ್‌ಗೆ ತಾವಾಗಿಯೇ ಹೋಗಿಬರುವ ಸಹೋದರಿಯರು ಈಗ ಬಹಳ. ಅಂಥವರಿಗಾಗಿ ಈ ಸಲ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆಯ ದಾರಿಯನ್ನು ಹಿಡಿಯೋಣ.

ದಾರಿ ಹೀಗಿದೆ

ತುಮಕೂರಿನಿಂದ ಗುಬ್ಬಿ, ನಿಟ್ಟೂರು ದಾಟಿ ಅರಸೀಕೆರೆಯ ಕಡೆ ಸಾಗುವ ಹೆದ್ದಾರಿಯಲ್ಲಿ ಸುಮಾರು 75 ಕಿ.ಮೀ. ಹೋದರೆ ತಿಪಟೂರು. ಅದಕ್ಕೂ ಮೊದಲು ಕಿಬ್ಬನಹಳ್ಳಿ ಕ್ರಾಸ್ ಸಿಗುತ್ತದೆ. ಜನರ ಬಾಯಲ್ಲಿ ಅದು ಕೆ.ಬಿ. ಕ್ರಾಸ್. ಇಲ್ಲಿಂದ ಒಂದು ಕಡೆ ತುರುವೇಕೆರೆ, ಇನ್ನೊಂದು ಕಡೆ ಚಿಕ್ಕನಾಯಕನಹಳ್ಳಿ. ಬಸ್ಸು ಬದಲಿಸುವವರು ಕಾಯುವ ಜಾಗ ಇದು. ಆದ್ದರಿಂದ ಊಟ, ನೀರು, ಶೌಚದ ಲೆಕ್ಕಾಚಾರವನ್ನು ತುಮಕೂರು, ಕೆ.ಬಿ. ಕ್ರಾಸ್, ತಿಪಟೂರು ಎಂಬ ಮೂರು ನಿಲುಗಡೆಗಳಿಗೆ ಹೊಂದಿಸಿಕೊಂಡರೆ ಪ್ರಯಾಣ ಸುಲಭ. ಬೆಂಗಳೂರಿನಿಂದ ರೈಲಿನಲ್ಲಿ ಬರುವವರಿಗೆ ಅರಸೀಕೆರೆ ಮಾರ್ಗದಲ್ಲೇ ತಿಪಟೂರು ನಿಲ್ದಾಣವಿದೆ. ಮಕ್ಕಳು, ವೃದ್ಧರು ಜೊತೆಗಿದ್ದರೆ ರೈಲೇ ಮೇಲು. ಶೌಚಾಲಯದ ಚಿಂತೆ ಇರುವುದಿಲ್ಲ.

ಬೆಳಗಿನ ತಿಂಡಿ

ಬೆಂಗಳೂರಿನ ಕಡೆಯಿಂದ ಬರುವವರಿಗೆ ತುಮಕೂರು ತಲುಪುವ ಮೊದಲೇ ಕ್ಯಾತ್ಸಂದ್ರ ಸಿಗುತ್ತದೆ. ಇದು ತಟ್ಟೆ ಇಡ್ಲಿಗೆ ಹೆಸರಾದ ಊರು. ಊಟದ ತಟ್ಟೆಯಂತೆ ಅಗಲವಾದ ಮೆತ್ತನೆಯ ಇಡ್ಲಿ, ಮೇಲೊಂದು ಮುದ್ದೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಎರಡು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಮೆಣಸಿನ ಖಾರ ಕಡಿಮೆ ಇರುವುದರಿಂದ ಪುಟ್ಟ ಮಕ್ಕಳಿಗೂ ಒಗ್ಗುತ್ತದೆ. ಮುಂದೆ ತೆಂಗಿನ ಸೀಮೆಯ ಪೇಟೆಗಳಲ್ಲೂ ಬೆಳಿಗ್ಗೆ ಇಡ್ಲಿ, ಚಿತ್ರಾನ್ನ, ಅಕ್ಕಿ ರೊಟ್ಟಿ ಸಿಗುತ್ತವೆ. ಇಲ್ಲಿನ ಚಟ್ನಿಯಲ್ಲಿ ಕಾಯಿಗೆ ಜಿಪುಣತನವಿಲ್ಲ.

ಕ್ಯಾತ್ಸಂದ್ರದ ಮಗ್ಗುಲಲ್ಲೇ ಸಿದ್ಧಗಂಗಾ ಮಠವಿದೆ. 2019ರ ಜನವರಿ 21ರಂದು ನಿಧನರಾದ ಶಿವಕುಮಾರ ಸ್ವಾಮೀಜಿಯವರು ಜಾತಿ ಮತ ನೋಡದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಸ್ಥಳವದು. ಹಸಿದವರಿಗೆ ಉಣಿಸುವುದು ಎಷ್ಟು ದೊಡ್ಡ ಪುಣ್ಯ ಎಂಬುದನ್ನು ಮಕ್ಕಳಿಗೆ ತಿಳಿಸಲು ಆ ದಾರಿಯಲ್ಲಿ ಹೋಗುವಾಗ ಎರಡು ನಿಮಿಷ ಮಾತಾಡಿದರೆ ಸಾಕು.

ಮಧ್ಯಾಹ್ನದ ಊಟ: ಯಾವ ಬೋರ್ಡು ನೋಡಬೇಕು?

ಈ ಸೀಮೆಯಲ್ಲಿ ಸಸ್ಯಾಹಾರಿ ಹೋಟೆಲುಗಳಿಗೆ ಬರವಿಲ್ಲ. ರಾಗಿ ಮುದ್ದೆ, ಸೊಪ್ಪಿನ ಸಾರು, ಉಪ್ಸಾರು, ಚಳಿಗಾಲದಲ್ಲಿ ಅವರೆಕಾಳಿನ ಸಾರು. ಬೇಸಿಗೆಯಾದರೆ ಊಟದ ಮೇಲೆ ಹಲಸಿನ ತೊಳೆ. ಗುಬ್ಬಿ ತಾಲೂಕಿನ ಚೇಳೂರಿನ ಕೆಂಪು ತೊಳೆಯ 'ಸಿದ್ದು' ಹಲಸು ಈಗ ದೂರದೂರುಗಳಿಗೂ ಪರಿಚಿತ. 'ಮಾಂಸವಿಲ್ಲದಿದ್ದರೆ ಅದೆಂಥ ಊಟ' ಎಂದು ನಮ್ಮ ಗಂಡಸರು ಗೊಣಗಬಹುದು. ಒಂದು ದಿನ ಮುದ್ದೆ ಉಂಡರೆ ಯಾರೂ ಬಡವರಾಗುವುದಿಲ್ಲ. ಸಂಶಯದ ಬಿರಿಯಾನಿಗಿಂತ ನೆಮ್ಮದಿಯ ಸೊಪ್ಪಿನ ಸಾರು ಲೇಸು.

ಮಾಂಸದೂಟವೇ ಬೇಕೆಂದಾದರೆ ಬೋರ್ಡುಗಳನ್ನು ಓದಲು ಕಲಿಯಬೇಕು. ಮುಸ್ಲಿಮರು ನಡೆಸುವ ಹೋಟೆಲುಗಳನ್ನು ಹೆಸರು, ಬೋರ್ಡಿನ ಬರಹ ನೋಡಿ ಗುರುತಿಸಬಹುದು. ಗೊತ್ತಾಗದಿದ್ದರೆ ಹತ್ತಿರದ ಮಸೀದಿಯ ಬಳಿ ಕೇಳಿದರೆ ತೋರಿಸುತ್ತಾರೆ. ಮಸೀದಿಯ ದಾರಿ ಕೇಳಿದರೆ ಊಟದ ದಾರಿಯೂ ಸಿಗುತ್ತದೆ, ನಮಾಝಿನ ಜಾಗವೂ ಸಿಗುತ್ತದೆ. 'ಮಿಲಿಟರಿ ಹೋಟೆಲ್' ಎಂದಿದ್ದರೆ ಅಲ್ಲಿ ಮಾಂಸದೂಟವಿದೆ ಎಂದಷ್ಟೇ ಅರ್ಥ. ಅದು ಹಲಾಲ್ ಎಂದೂ ಅಲ್ಲ, ಅಲ್ಲವೆಂದೂ ಅಲ್ಲ. ಕೇಳಿಯೇ ತಿಳಿಯಬೇಕು.

'ಫ್ಯಾಮಿಲಿ ರೆಸ್ಟೋರೆಂಟ್' ಎಂಬ ಬೋರ್ಡನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ಹೆದ್ದಾರಿಯ ಬದಿಯಲ್ಲಿ ಇಂಥ ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿ 'ಬಾರ್' ಎಂದೂ ಇರುತ್ತದೆ. ಮದ್ಯ ಹಂಚುವ ಪಂಕ್ತಿಯಲ್ಲಿ ಕೂರಬೇಡಿ ಎಂಬುದು ಪ್ರವಾದಿ(ಸ)ರ ಬೋಧನೆ. ಅಲ್ಲಿ ಬರೀ ಚಹಾ ಕುಡಿದು ಬರುತ್ತೇವೆ ಎಂಬ ಸಮಾಧಾನ ಬೇಡ. ಮಕ್ಕಳು ಪಕ್ಕದ ಮೇಜನ್ನು ನೋಡುತ್ತಿರುತ್ತಾರೆ.

ಕೇಳಲು ನಾಚಿಕೆಯೇಕೆ?

2022ರ ಯುಗಾದಿಯ ಹೊತ್ತಿಗೆ, ಹೊಸತೊಡಕಿನ ಮಾಂಸದ ನೆಪದಲ್ಲಿ, ನಮ್ಮ ರಾಜ್ಯದಲ್ಲಿ 'ಹಲಾಲ್' ಎಂಬ ಪದವೇ ವಿವಾದದ ವಸ್ತುವಾಯಿತು. ಅದಾದ ಮೇಲೆ ನಮ್ಮ ಅನೇಕ ಸಹೋದರಿಯರಿಗೆ ಹೋಟೆಲಿನಲ್ಲಿ ಆ ಪದವನ್ನು ಬಾಯಿಬಿಟ್ಟು ಹೇಳಲು ಅಳುಕು. ಕೇಳದೆ ತಿಂದು ಆಮೇಲೆ ಮನಸ್ಸಿನಲ್ಲಿ ಕೊರಗುವವರಿದ್ದಾರೆ. ಕೇಳಲಾಗದೆ ಉಪವಾಸ ಬೀಳುವವರೂ ಇದ್ದಾರೆ. ಎರಡೂ ಬೇಡ.

ಕೇಳುವ ರೀತಿಯಲ್ಲಿ ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಗಲ್ಲಾದಲ್ಲಿ ಕುಳಿತವರ ಬಳಿ ಹೋಗಿ, "ಅಣ್ಣಾ, ಮಾಂಸ ಯಾರ ಅಂಗಡಿಯಿಂದ ತರ್ತೀರಿ? ನಾವು ಹಲಾಲ್ ಆದ್ರೆ ಮಾತ್ರ ತಿನ್ನೋದು" ಎಂದರೆ ಸಾಕು. "ಸಾಬರ ಅಂಗಡಿಯಿಂದಲೇ ತರೋದು ಅಮ್ಮಾ" ಎಂಬ ಉತ್ತರ ಬರಬಹುದು. "ಇಲ್ಲಮ್ಮಾ, ನಿಮಗೆ ಆಗಲ್ಲ, ಅನ್ನ ಸಾರು ಹಾಕಿಸ್ತೀನಿ" ಎಂದೂ ಹೇಳಬಹುದು. ಏಕಾದಶಿಯ ದಿನ ಅನ್ನ ಮುಟ್ಟದವರು, ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ಸೋಮವಾರ ಶನಿವಾರ ಮಾಂಸ ಬಿಡುವವರು ನಮ್ಮ ನೆರೆಯಲ್ಲೇ ಇದ್ದಾರೆ. ಊಟದ ನೇಮ ಏನೆಂಬುದು ಹಳ್ಳಿಯ ಹೋಟೆಲಿನವರಿಗೆ ಚೆನ್ನಾಗಿ ಗೊತ್ತು. ನಮ್ಮ ನೇಮವನ್ನು ನಾವು ವಿನಯದಿಂದ ಹೇಳಿಕೊಂಡರೆ ಅದು ಜಗಳವಾಗುವುದಿಲ್ಲ, ಪರಿಚಯವಾಗುತ್ತದೆ.

ಉತ್ತರ ತಿಳಿಯಾಗಿ ಬರದಿದ್ದರೆ ಬಿಟ್ಟುಬಿಡಿ. ಹಲಾಲ್ ಸ್ಪಷ್ಟ, ಹರಾಮ್ ಸ್ಪಷ್ಟ, ನಡುವಿನ ಸಂಶಯದಿಂದ ದೂರವಿದ್ದವನು ತನ್ನ ಧರ್ಮವನ್ನೂ ಮಾನವನ್ನೂ ಕಾಪಾಡಿಕೊಂಡ ಎಂಬ ಆಶಯದ ಹದೀಸ್ ನಮಗೆ ದಾರಿ. ಅಲ್ಲದೆ ಕುರ್‌ಆನ್ ಹಲಾಲ್ ಜೊತೆಗೆ 'ತಯ್ಯಿಬ್' ಎಂದೂ ಹೇಳಿದೆ, ಅಂದರೆ ಶುದ್ಧವಾದದ್ದು, ಉತ್ತಮವಾದದ್ದು. ಹಲಾಲ್ ಮಾಂಸವೇ ಆಗಿರಲಿ, ನೊಣ ಮುತ್ತಿದ್ದರೆ, ನಿನ್ನೆಯದನ್ನು ಇಂದು ಬಿಸಿ ಮಾಡಿದ್ದರೆ, ಕರಿದೆಣ್ಣೆ ಕಪ್ಪಗಾಗಿದ್ದರೆ ಅದು ತಯ್ಯಿಬ್ ಅಲ್ಲ. ನಮ್ಮವರ ಹೋಟೆಲ್ ಎಂಬ ಒಂದೇ ಕಾರಣಕ್ಕೆ ಕೊಳಕನ್ನು ಸಹಿಸಬೇಕಾಗಿಲ್ಲ.

ಕುಡಿಯುವುದೇನು?

ತೆಂಗಿನ ಸೀಮೆಗೆ ಬಂದವರು ಎಲ್ಲೆಲ್ಲೂ ಎಳನೀರಿನ ರಾಶಿ ಇರುತ್ತದೆಂದು ಭಾವಿಸುತ್ತಾರೆ. ಆದರೆ ರಾಜ್ಯದಲ್ಲಿ ಎಳನೀರಿನ ದೊಡ್ಡ ಮಾರುಕಟ್ಟೆ ಇರುವುದು ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ. ತಿಪಟೂರಿನ ಹೆಸರು ಉಂಡೆ ಕೊಬ್ಬರಿಗೆ. ಇಲ್ಲಿನ ರೈತರು ಕಾಯಿಯನ್ನು ಎಳೆಯದಿರುವಾಗ ಕೀಳದೆ ಬಲಿಯಲು ಬಿಡುತ್ತಾರೆ. ಬಲಿಯಲು ಸುಮಾರು ಒಂದು ವರ್ಷ. ಆಮೇಲೆ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಸದ್ದು ಮಾಡಲು ಇನ್ನೂ ಎಂಟರಿಂದ ಹನ್ನೆರಡು ತಿಂಗಳು. ಒಂದು ಕೊಬ್ಬರಿ ಗಿಟುಕಿನ ಹಿಂದೆ ಹತ್ತಿರ ಹತ್ತಿರ ಎರಡು ವರ್ಷದ ಕಾಯುವಿಕೆ ಇದೆ. ಇಷ್ಟಾದರೂ ಬೆಲೆಯ ಭರವಸೆ ಇಲ್ಲ. 2024ರ ಹಂಗಾಮಿಗೆ ಕೇಂದ್ರ ಸರಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂ. ಬೆಂಬಲ ಬೆಲೆ ನಿಗದಿ ಮಾಡಿತ್ತು. ಆ ವರ್ಷದ ಆರಂಭದಲ್ಲಿ ಪೇಟೆಯ ಬೆಲೆ ಅದಕ್ಕಿಂತ ಕೆಳಗಿದ್ದು, ರೈತರು ನಾಫೆಡ್ ಖರೀದಿಯ ನೋಂದಣಿಗೆ ಸಾಲುಗಟ್ಟಿದ್ದರು. ಆದ್ದರಿಂದ ರಸ್ತೆ ಬದಿಯಲ್ಲಿ ಎಳನೀರು ಕೊಳ್ಳುವಾಗ ಐದು ರೂಪಾಯಿಗಾಗಿ ಚೌಕಾಸಿ ಮಾಡಬೇಡಿ. ಕಣ್ಣೆದುರೇ ಕೆತ್ತಿಸಿ ಕುಡಿಯಿರಿ. ಸ್ಟ್ರಾ ಬೇಡವೆನಿಸಿದರೆ ಮನೆಯಿಂದ ಒಂದು ಲೋಟ ಒಯ್ಯಿರಿ. ಕುಳಿತು, ಬಿಸ್ಮಿಲ್ಲಾ ಹೇಳಿ, ಮೂರು ಉಸಿರಿನಲ್ಲಿ ಕುಡಿಯುವ ಸುನ್ನತ್ತನ್ನು ಮಕ್ಕಳಿಗೆ ಕಲಿಸಲು ಎಳನೀರಿಗಿಂತ ಒಳ್ಳೆಯ ಪಾಠ ಯಾವುದಿದೆ?

ನೀರಾ ಕುಡಿಯಬಹುದೇ ಎಂದು ಕೆಲವು ಸಹೋದರಿಯರು ಕೇಳುತ್ತಾರೆ. ತೆಂಗಿನ ಹೊಂಬಾಳೆಯನ್ನು ಕೆತ್ತಿದಾಗ ಒಸರುವ ಸಿಹಿ ರಸವೇ ನೀರಾ. ಹುಳಿಯದ ತಾಜಾ ನೀರಾದಲ್ಲಿ ಅಮಲಿಲ್ಲ, ಅದು ಹಣ್ಣಿನ ರಸವಿದ್ದಂತೆ. ಆದರೆ ಬಿಸಿಲಲ್ಲಿ ಕೆಲವೇ ಗಂಟೆಗಳಲ್ಲಿ ಅದು ಹುಳಿಯತೊಡಗುತ್ತದೆ. ಹುಳಿತರೆ ಅದೇ ಕಳ್ಳು, ಅದು ಹರಾಮ್. ಪ್ರವಾದಿ(ಸ)ರ ಕಾಲದಲ್ಲಿ ಒಣದ್ರಾಕ್ಷಿ ನೆನೆಸಿದ ನೀರನ್ನು ಹೆಚ್ಚೆಂದರೆ ಮೂರನೆಯ ದಿನದವರೆಗೆ ಬಳಸಿ, ಉಳಿದದ್ದನ್ನು ಚೆಲ್ಲಲಾಗುತ್ತಿತ್ತು. ಅಂದರೆ ಪಾನೀಯದ ಹೆಸರನ್ನಲ್ಲ, ಅದರಲ್ಲಿ ಅಮಲು ಹುಟ್ಟಿದೆಯೇ ಎಂಬುದನ್ನು ನೋಡಬೇಕು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ರಸ ಸಂಗ್ರಹಿಸುವ ವಿಧಾನ ಕಂಡುಹಿಡಿದು, ಹುಳಿಯದ ಆ ರಸಕ್ಕೆ 'ಕಲ್ಪರಸ' ಎಂದು ಹೆಸರಿಟ್ಟಿದ್ದಾರೆ. ಹೀಗೆ ತಣ್ಣಗಿಟ್ಟು, ಪರವಾನಗಿ ಪಡೆದ ಮಳಿಗೆಯಲ್ಲಿ ಮಾರುವ ನೀರಾ ಕುಡಿಯಲು ಅಡ್ಡಿಯಿಲ್ಲ. ಮರದಡಿಯ ಮಡಕೆಯದ್ದು, ನೊರೆ ಬಂದದ್ದು, ಹುಳಿ ವಾಸನೆಯದ್ದು ಬೇಡವೇ ಬೇಡ.

ನೀರಿನ ವಿಷಯಕ್ಕೆ ಬರೋಣ. ತುಮಕೂರು ಜಿಲ್ಲೆಯ ಹಲವೆಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಾಗಾಗಿ ಮನೆಯಿಂದಲೇ ನೀರು ಒಯ್ಯಿರಿ. ಮುಗಿದರೆ ಊರುಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳಿ. ಪ್ರತಿ ಸಲ ಪ್ಲಾಸ್ಟಿಕ್ ಬಾಟಲಿ ಕೊಳ್ಳುವ ಖರ್ಚೂ ಉಳಿಯುತ್ತದೆ. ದೊಡ್ಡ ಬಸ್ ನಿಲ್ದಾಣದಲ್ಲಿ ಇಳಿದಾಗ, ಬೇಕೆನಿಸಲಿ ಬಿಡಲಿ, ಶೌಚಾಲಯಕ್ಕೆ ಹೋಗಿ ಬನ್ನಿ. ಚೀಲದಲ್ಲಿ ಒಂದು ಸಣ್ಣ ಚೊಂಬು, ಸಾಬೂನಿನ ತುಂಡು, ಒಂದು ಟವೆಲ್ ಇರಲಿ. ವುಝೂಗೂ ಆಗುತ್ತದೆ.

ಕಡಲಾಚೆ ಹೋದರೂ ಇದೇ ಪಾಠ

ಈಗ ನಮ್ಮ ಕುಟುಂಬಗಳೂ ಮಲೇಷ್ಯಾದ ಲಂಕಾವಿ, ಥಾಯ್ಲೆಂಡಿನ ಕ್ರಾಬಿ ಎಂದು ಪ್ರವಾಸ ಹೋಗುತ್ತವೆ. ಅದೂ ತೆಂಗಿನ ನಾಡೇ. ಮಲೇಷ್ಯಾದ ನಾಸಿ ಲೆಮಾಕ್ ಎಂದರೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ. ತಿಂದರೆ ಮನೆಯ ಕಾಯಿಹಾಲಿನ ಅನ್ನ ನೆನಪಾದೀತು. ಮಲೇಷ್ಯಾದಲ್ಲಿ 'ಜಾಕಿಂ' ಎಂಬ ಸರಕಾರಿ ಇಲಾಖೆಯ, ಥಾಯ್ಲೆಂಡಿನಲ್ಲಿ ಅಲ್ಲಿನ ಕೇಂದ್ರ ಇಸ್ಲಾಮಿಕ್ ಮಂಡಳಿಯ ಹಲಾಲ್ ಮುದ್ರೆ ಹೋಟೆಲುಗಳಲ್ಲಿ ಕಾಣುತ್ತದೆ. ಆದರೆ ಅಲ್ಲೂ 'ಹಂದಿ ಮಾಂಸ ಇಲ್ಲ' ಎಂದಷ್ಟೇ ಬರೆದಿದ್ದರೆ ಅದು ಹಲಾಲ್ ಎಂದರ್ಥವಲ್ಲ. ಕೋಳಿ ಹೇಗೆ ಕೊಯ್ದದ್ದು, ಅಡುಗೆಗೆ ಮದ್ಯ ಹಾಕುತ್ತಾರೆಯೇ ಎಂದು ಕೇಳಲೇಬೇಕು. ಅಲ್ಲೂ ತೆಂಗಿನ ರಸ ಕಾಯಿಸಿದರೆ ಬೆಲ್ಲ, ಬಿಟ್ಟರೆ ಕಳ್ಳು. ಕೆ.ಬಿ. ಕ್ರಾಸಿನಲ್ಲಿ ಬಾಯಿಬಿಟ್ಟು ಕೇಳಲು ಕಲಿತವಳು ಕ್ರಾಬಿಯಲ್ಲೂ ಕೇಳಬಲ್ಲಳು.

ಗಂಡಂದಿರಿಗೊಂದು ಮಾತು

ಈ ಪುಟವನ್ನು ಮನೆಯ ಗಂಡಸರಿಗೂ ಓದಿ ಹೇಳಿ. ಬಸ್ಸು ನಿಂತಾಗ ತಾನೊಬ್ಬನೇ ಇಳಿದು ಚಹಾ ಕುಡಿದು, ಕಿಟಕಿಯಿಂದ "ನಿನಗೇನಾದರೂ ಬೇಕಾ?" ಎಂದು ಕೇಳಿದರೆ ಅವಳು "ಬೇಡ" ಎಂದೇ ಹೇಳುತ್ತಾಳೆ. ಅವಳಿಗೆ ಬೇಕಾದ್ದನ್ನು ಅವಳು ಕಿಟಕಿಯಿಂದ ಕೂಗಿ ಹೇಳಲಾರಳು. ಮೊದಲು ಶೌಚಾಲಯ ಎಲ್ಲಿದೆ ಎಂದು ವಿಚಾರಿಸಿ ಬನ್ನಿ. ಜೊತೆಗೆ ಕರೆದುಕೊಂಡು ಇಳಿಯಿರಿ. ಅವಳನ್ನು ಕೂರಿಸಿ, ಅವಳ ತಟ್ಟೆಗೆ ಬಡಿಸಿದ್ದಾರೆಯೇ ಎಂದು ನೋಡಿ, ಆಮೇಲೆ ಉಣ್ಣಿರಿ. ಮಡದಿಯ ಬಾಯಿಗೆ ಇಡುವ ತುತ್ತಿಗೂ ಪುಣ್ಯವಿದೆ ಎಂದು ಕಲಿಸಿದ ಪ್ರವಾದಿ(ಸ)ರ ಅನುಯಾಯಿಗಳು ನಾವು.

ಸಹೋದರಿಯರೇ, ಮುಂದಿನ ಸಲ ಚೀಲ ತುಂಬುವಾಗ ನಿಮ್ಮ ನೀರಿನ ಬಾಟಲಿಯನ್ನೂ ಇಡಿ. ದಾರಿಯಲ್ಲಿ ಅದನ್ನು ಕುಡಿಯಿರಿ ಕೂಡ.